ಉಳಿದ ಇನ್ನೂರು

ಎಪಿಎಂಸಿ ಯಾರ್ಡಿನಲ್ಲಿ ಮೆಕ್ಕೆಜೋಳ ತುಂಬಿ
ಹಗ್ಗ ಬಿಗಿಯುವ ಹೊತ್ತಿಗೆ ದಾದಾಪೀರ್ ಬಂದ.
ತಲೆಯ ಮೇಲೆ ಬಿದಿರ ಬುಟ್ಟಿ,
ಬುಟ್ಟಿಯೊಳಗೆ ಏಳು ಪಾರಿವಾಳ.
"ನಾಗಪುರ ದಾಟಿ ಬಯಲು ಸಿಕ್ಕಲ್ಲಿ ಬೆಳಗ್ಗೆ ಆರಕ್ಕೆ ಬಿಡು.
ಮೋಡ ಇದ್ರೆ ಬ್ಯಾಡ. ನೀರು ಕುಡಿಸಿ ಬಿಡು."

ಬಾಷಾನಗರದ ಮಂಡಕ್ಕಿ ಭಟ್ಟಿ ಅವನದು,
ಹುಬ್ಬಿನಲ್ಲಿ ಸದಾ ಮಸಿ.
ಮಗಳ ಅಟ್ಲಾಸಿನ ಮೇಲೆ ದಾರ ಎಳೆದು, ಸ್ಕೇಲಿಟ್ಟು
ಅಳೆದಿದ್ದಾನೆ ತನ್ನ ಮಾಳಿಗೆಯಿಂದ ನಾಗಪುರಕ್ಕೆ:
ಎಂಟುನೂರ ಹದಿನಾಲ್ಕು ಕಿಲೋಮೀಟರ್.
ಹದಿನಾಲ್ಕು ಎಲ್ಲಿಂದ ಬಂತೋ ಅಂದರೆ
ದಾರದ ತುದಿ ಅಷ್ಟಿತ್ತು ಅಂತಾನೆ.

ನನ್ನ ಲಾರಿಯ ಮೀಟರು ಹೇಳುವುದು ಸಾವಿರದ ಹದಿನಾಲ್ಕು.
"ಮಿಕ್ಕ ಇನ್ನೂರು ಎಲ್ಲಿಗೋತು ಕೊಟ್ರೇಶಿ?"
ನಗುತ್ತಲೇ ಕೇಳಿದ, ಕಳ್ಳನನ್ನು ಕೇಳುವ ಹಾಗೆ.

ಎರಡು ರಾತ್ರಿ ಅದನ್ನೇ ಯೋಚಿಸಿದೆ ಸ್ಟೇರಿಂಗ್ ಹಿಡಿದು.
ಹರಪನಹಳ್ಳಿಯ ತಿರುವುಗಳಲ್ಲಿ ಸ್ವಲ್ಪ ಹೋಗಿರಬೇಕು.
ಸೇತುವೆ ಇದ್ದಲ್ಲೇ ದಾಟಬೇಕಲ್ಲ ನಾವು,
ತುಂಗಭದ್ರೆಗೆ ಇಷ್ಟು, ಕೃಷ್ಣೆಗೆ ಇಷ್ಟು.
ರಾಯಚೂರಿನಾಚೆ ಒಬ್ಬ ಮುದುಕಿಯ ರೊಟ್ಟಿ ಅಂಗಡಿ,
ಅದಕ್ಕೆಂದೇ ಬೈಪಾಸ್ ಬಿಟ್ಟು ಊರೊಳಗೆ ಹೋಗುತ್ತೇನೆ,
ಅದೊಂದು ಒಂಬತ್ತು.
ನಿರ್ಮಲ್ ಹತ್ತಿರ ಒಮ್ಮೆ ದಾರಿ ತಪ್ಪಿ
ಹುಣಸೆ ಮರದಡಿ ಮಲಗಿದ್ದೆ. ತಂಗಿಗೆ ಹೆರಿಗೆಯಾಯಿತೆಂದು
ಫೋನು ಬಂದದ್ದು ಅಲ್ಲೇ.
ಅದನ್ನು ಎಷ್ಟು ಅಂತ ಬರೆಯಲಿ?

ನಾಗಪುರದಾಚೆ ಹತ್ತಿ ಹೊಲದ ಬದು.
ಆರು ಗಂಟೆ ಎರಡು ನಿಮಿಷಕ್ಕೆ
ಕ್ಲೀನರ್ ಹುಡುಗ ಬುಟ್ಟಿಯ ಬಾಯಿ ಬಿಚ್ಚಿದ.
ಎರಡು ಸುತ್ತು ಹಾಕಿದವು,
ಯಾರನ್ನೂ ನಿಲ್ಲಿಸಿ ದಾರಿ ಕೇಳಲಿಲ್ಲ,
ತೆಂಕಣಕ್ಕೆ ತಿರುಗಿ ಹೋದವು.
ಕೆಳಗೆ ನಾನು, ಹದಿನಾರು ಟನ್ ಕೋಳಿ ಮೇವಿನ ಜೊತೆ.

ಕಿತ್ತಳೆ ಹೇರಿಕೊಂಡು ಐದನೇ ದಿನ ಊರು ಮುಟ್ಟಿದರೆ
ಆರು ಹಕ್ಕಿ ಮಾರನೇ ದಿನ ಮಧ್ಯಾಹ್ನವೇ ಬಂದಿದ್ದವಂತೆ,
ಭಟ್ಟಿಯ ಹೊಗೆಗೂಡಿನ ಬೆಚ್ಚಗೆ ಕೂತಿದ್ದವು.
ದೂರ, ಹೊತ್ತು, ವೇಗ ಎಲ್ಲ ಬರೆದಿದ್ದಾನೆ ನೋಟ್‌ಬುಕ್ಕಿನಲ್ಲಿ.
ಏಳನೆಯದು ಬರಲಿಲ್ಲ,
ಕೊರಳಲ್ಲಿ ಹಸಿರು ಮಿಂಚುವ ಹೆಣ್ಣು.
"ಗಿಡುಗ ಹಿಡದೈತಿ ಬಿಡು" ಅಂದ.
ಆದರೂ ಆ ಸಾಲಿನ ಮೇಲೆ ಗೀಟು ಎಳೆಯಲಿಲ್ಲ.

ಹತ್ತೊಂಬತ್ತನೇ ದಿನ ಬಂತು.
ಬಲಗಾಲಿಗೆ ಕೆಂಪು ಉಲ್ಲನ್ ಎಳೆ, ಯಾರೋ ಕಟ್ಟಿದ್ದು.
ಹೋಗುವಾಗಿನಕ್ಕಿಂತ ದಪ್ಪಗಾಗಿತ್ತು.
ದಾದಾಪೀರ್ ಪೆನ್ಸಿಲ್ಲನ್ನು ನಾಲಿಗೆಗೆ ತಾಗಿಸಿ ಭಾಗಿಸಿದ:
"ದಿನಕ್ಕೆ ನಲವತ್ಮೂರೂ ಇಲ್ಲ.
ನಡಕಂತ ಬಂದ್ರೂ ಬರಬೋದಿತ್ತಲ್ಲೋ ಇದು!"

ಅದಕ್ಕೆ ದಾರದ ಲೆಕ್ಕ ಹಾಕಬ್ಯಾಡ, ಅಂದೆ,
ರಸ್ತೆ ಲೆಕ್ಕ ಹಾಕು.

ಸುಮ್ಮನೆ ನನ್ನನ್ನೇ ನೋಡಿದ.
ಹೆಬ್ಬೆರಳಿಗೆ ಉಗುಳು ಹಚ್ಚಿ
ಎಂಟುನೂರ ಹದಿನಾಲ್ಕನ್ನು ಒರೆಸಿದ.
ಕಾಗದ ಒದ್ದೆಯಾಗಿತ್ತು, ಪೆನ್ಸಿಲ್ ಮೂಡಲಿಲ್ಲ,
ಒಣಗಲೆಂದು ಕಾದು ಕೂತೆವು.
ಆ ಹಕ್ಕಿ ಆಗಾಗ ನಿಂತು ಕೆಂಪು ಎಳೆಯನ್ನು ಕುಕ್ಕುತ್ತಾ,
ಕಿತ್ತುಕೊಳ್ಳದೆ,
ಮಂಡಕ್ಕಿ ಹರವಿದ ಚೀಲದ ಮೇಲೆ
ನಡೆದಾಡುತ್ತಿತ್ತು.