ಎಂಬತ್ತೇಳು ಜಿಬಿ

ವಾಸ್ಕೋದ ಬಾಯ್ನಾದಾಗ ರಾತ್ರಿ ಹನ್ನೊಂದರ ಮ್ಯಾಲೆ
ಪರ್ಪೆತ ಬಾಯಿಯ ವೈಫೈ ನನ್ನದು.
ಪಾಸ್‌ವರ್ಡು, ಆಕಿಯ ಸತ್ತ ನಾಯಿಯ ಹೆಸರು.
ಬಾಡಿಗಿ, ಎರಡು ಖಡಕ್ ರೊಟ್ಟಿ, ಒಂದೀಟು ಶೇಂಗಾ ಹಿಂಡಿ.

ಮೊದಲ ರಾತ್ರಿ ಹದಿಮೂರು ಜಿಬಿ.
ಎರಡನೇ ರಾತ್ರಿ ಕರೆಂಟು ಹೋತು.
ಆರನೇ ರಾತ್ರಿ, ಕೊಡ ತುಂಬೂದ್ರಾಗ ನಳ ನಿಂತಂಗ
ಎಂಬತ್ತಾರಕ್ಕ ನಿಂತು
ಉಸಿರು ಹಿಡಿಸಿ
ಮತ್ತ ನಡೀತು.

ಗುಜರಿ ಪೆಟ್ಟಿಗಿ, ಲಿನಕ್ಸು ನಾನೇ ಹಾಕಿದ್ದು.
ಬಂದರದ ತೂಕದ ಕಾಟಾದಾಗ ಲಾರಿ ಬರೆಯೋ ಪಗಾರದಾಗ
ಉಳಿಸಿ ತಂದ ಹಳೇ ಗ್ರಾಫಿಕ್ಸ್ ಕಾರ್ಡು.
ಅದರ ಫ್ಯಾನಿನಾಗೂ ಕಲ್ಲಿದ್ದಲ ಧೂಳು.

ಆಟ ಆಮ್ಯಾಲೆ. ಮೊದಲು ಪರೀಕ್ಷೆ.
ತೆರಿಯ ಮ್ಯಾಲೆ ಯಾವುದೋ ಸಮುದ್ರ, ಸಂಜಿ,
ಒಬ್ಬಾಕಿ ದೋಣಿಗೆ ಹುಟ್ಟು ಹಾಕತಾಳ.
ಮೂಲಿಯಾಗ ಅಂಕಿ, ಸೆಕೆಂಡಿಗೆ ಎಷ್ಟು ಚಿತ್ರ ಅಂತ:
ನಲವತ್ತೊಂದು. ಮೂವತ್ತೆಂಟು.
ಮಂಜು ಕವಿದಾಗ ಹತ್ತೊಂಬತ್ತು.
ನೆರಳು ತೆಗದೆ. ಡ್ರೈವರ್ ಬದಲಿಸಿದೆ. ಮತ್ತ ಓಡಿಸಿದೆ.
ನೀರಿನ ಹೊಳಪು ತೆಗದೆ. ಮತ್ತ.

ಮೀನಿನ ಬುಟ್ಟಿ ತೊಳಿಯೂದು ಬಿಟ್ಟು
ಅವ್ವ ಬಂದು ಹಿಂದ ನಿಂತಿದ್ದು ಗೊತ್ತಾಗಲಿಲ್ಲ.
"ದಂಡಿ ಕಾಣೂತ್ಲೆ ಮುಗೀತದಲ್ಲ,
ಆಕಿ ಮುಟ್ಟೂದು ಯಾವಾಗ?"
"ಇದು ಆಟ ಅಲ್ಲಬೇ. ಅಳತಿ."
"ಅಳತಿ ಅಂದ್ರ, ಏಳು ಸಲ ಹುಟ್ಟು ಹಾಕಸ್ತೀಯೇನ ಮಗಳ ಆಕೀನ?"

ಎಂಟನೇ ಸಲ ಐವತ್ತೆರಡು.
ಓಣಿಯಾಗ ಯಾರಿಗೆ ಹೇಳಲಿ?
ಪರ್ಪೆತ ಬಾಯಿಯ ದೀಪ ಆರಿತ್ತು,
ಆರಕ್ಕ ನನ್ನ ಪಾಳಿ.

ಅವ್ವ ಚಾಪಿ ಝಾಡಿಸಿದಳು:
"ಸಾಕು. ಆಕೀಗೂ ಮಲಗಾಕ ಬಿಡು."