ಅರ್ಧ ಟಿಕೀಟು

ಏಳು ಪಾರಿವಾಳಕ್ಕ ಏಳು ಅರ್ಧ ಟಿಕೀಟು ಹರದೆ.
ರೆಕ್ಕಿ ಇದ್ದವರಿಗೂ ರೊಕ್ಕ ಬಿಡಂಗಿಲ್ಲ ನಮ್ಮ ಬಸ್ಸು.
ಲಾಲಸಾಬ ಕಿಡಕ್ಯಾಗಿಂದ ಹೇಳಿದ:
"ನೀರು ಕುಡಿಸು. ಕೈಲೆ ಹಾರಸಬ್ಯಾಡ,
ತಾವಾಗೇ ಹೋಗತಾವ."

ಜಮಖಂಡಿ, ಮುಧೋಳ, ಲೋಕಾಪುರ, ಯರಗಟ್ಟಿ,
ದಾರಿ ಪೂರಾ ಬುಟ್ಟಿಯೊಳಗ ಗುಟುರು.
ಕೃಷ್ಣಾ ದಾಟೂ ಮುಂದ ಮಾತ್ರ ಸುಮ್ಮನಾದವು,
ಏನೋ ಎಣಸಾಕ ಹತ್ತಿಧಂಗ.

ಬೆಳಗಾವಿ ಸ್ಟ್ಯಾಂಡಿನ್ಯಾಗ ಹನ್ನೊಂದಕ್ಕ ಬುಟ್ಟಿ ಬಿಚ್ಚಿದೆ.
ಶೆಡ್ಡಿನ ಮ್ಯಾಲ ಎರಡು ಸುತ್ತು. ಆಮ್ಯಾಲ
ಯಾರನೂ ಕೇಳದ
ಈಶಾನ್ಯಕ್ಕ ಒಂದು ಗೆರಿ.

ನಾ ಹೊಂಟದ್ದು ಹನ್ನೆರಡಕ್ಕ.
ಮುಧೋಳದಾಗ ಪಂಚರ್,
ಜಮಖಂಡಿಯೊಳಗ ಕಬ್ಬಿನ ಟ್ರ್ಯಾಕ್ಟರ್ ಅಡ್ಡ,
ಒಬ್ಬಾಕಿ ಅಜ್ಜಿ ಇಳಿಯೂ ಊರು ಮರತು ಅಳಾಕ ಹತ್ತಿದಳು.
ಗೋಳಗುಮ್ಮಟ ಕಾಣೂದ್ರೊಳಗ ಕತ್ತಲಾಗಿತ್ತು.
ಮಾಳಿಗಿ ಮ್ಯಾಲ ಲಾಲಸಾಬ ವಾಚು ತೋರಿಸಿದ:
"ಎರಡು ತಾಸು ಐವತ್ತು ಮಿನಿಟು. ಆರು."

ಏಳನೇದು ಬೂದಿ ಬಣ್ಣದ್ದು, ಹೆಸರು ಕಲೆಕ್ಟರ.
ಮೂರನೇ ದಿನ ಸಂಜೀಕ ಬಂತು,
ಬಾಲದ ಒಂದು ಪುಕ್ಕ ಇಲ್ಲ,
ಕಾಲಾಗ ಯಾರೋ ಕಟ್ಟಿದ ಹಸರು ದಾರ.

ಬೆಳಗಾವಿಯಿಂದ ವಿಜಯಪುರ ಎಷ್ಟು ದೂರ?
ನನ್ನ ಮಷೀನು ಒಂದು ಹೇಳತೈತಿ,
ಆರು ಹಕ್ಕಿ ಇನ್ನೊಂದು.
ಲಾಲಸಾಬ ದಾರ ಬಿಚ್ಚಿಲ್ಲ.
"ನಡುವ ಯಾರದೋ ಮನಿ ಇತ್ತಲ್ಲ,
ಕಾಳು ಹಾಕ್ಯಾರ, ಮತ್ತ ಬಿಟ್ಟಾರ.
ಅದನ್ನೂ ಲೆಕ್ಕಕ್ಕ ಹಿಡಿ" ಅಂದ.

ನನ್ನ ಚೀಲದಾಗ ಅಂಥಾ ಕಾಲಮ್ಮು ಇಲ್ಲ.

ಸೋಮವಾರ ಮತ್ತ ನಸುಕಿನ ಐದರ ಬಸ್ಸು, ಮತ್ತ ಬುಟ್ಟಿ.
ಕಲೆಕ್ಟರನೂ ಒಳಗ ಕುಂತಿತ್ತು,
ಬಿದಿರಿನ ಸಂದ್ಯಾಗಿಂದ ಹಸರು ದಾರ ಹೊರಗ.
ಅರ್ಧ ಟಿಕೀಟು ಹರದೆ.