ನಲವತ್ತು ಮಂದಿ ಕತರೀನ

ಬರೆದುಕೋ ಮರಿ ಪಾದ್ರಿ, ಶಾಯಿ ಆರುವ ಮೊದಲು.
ನಮ್ಮ ದೇವರುಗಳು ಹೇಗೆ ಸೋತರು, ಅಷ್ಟೇ ತಾನೆ ನಿನ್ನ ಪ್ರಶ್ನೆ?
ಸೋತದ್ದನ್ನು ನಾನು ಕಂಡಿಲ್ಲ.
ಕಂಡದ್ದು ಅಂಗಿ.

ಬಿಳಿ ಉಣ್ಣೆಯಂಗಿ, ಗಾಡಿ ತುಂಬ,
ದುಬಿಸಾ ಹೊಳೆಯ ದಂಡೆಗೆ ಬಂತು.
ಮುಳುಗಿ ಎದ್ದವರಿಗೆ ತಲೆಗೊಂದು.
ನನ್ನ ಗಂಡ ತೌತ್ಗಿನ ಎರಡು ಸಲ ಮುಳುಗಿದ:
ಬೆಳಿಗ್ಗೆ ಪೇತ್ರನಾಗಿ,
ಸಂಜೆ ಗಡ್ಡ ಬೋಳಿಸಿಕೊಂಡು ಪಾವ್ಲನಾಗಿ.
ಎರಡನೆಯದರ ತೋಳು ಗಿಡ್ಡ. ಸಾಯುವ ತನಕ ಬೈದ.

ನಗಬೇಡ. ಆ ವರ್ಷ ಊರಲ್ಲಿ ಕುರಿಯೇ ಇರಲಿಲ್ಲ.
ಯಾಕಿರಲಿಲ್ಲ ಎಂಬುದನ್ನೂ ಬರೆ:
ಎದೆಯ ಮೇಲೆ ಕರಿ ಶಿಲುಬೆ ಹೊತ್ತವರು
ಹೊಳೆ ಹೆಪ್ಪುಗಟ್ಟಿದಾಗಲೆಲ್ಲ ಅದರ ಮೇಲೇ ಕುದುರೆ ಓಡಿಸಿ ಬರುತ್ತಿದ್ದರು,
ಅಜ್ಜನ ಕಾಲದಿಂದಲೂ.
ಕಣಜ ಸುಟ್ಟರು, ದನ ಹೊಡೆದುಕೊಂಡು ಹೋದರು,
ದನದ ಹಿಂದೆ ನನ್ನ ಅಕ್ಕ ಮಾಂತ್ವಿಲೆಯನ್ನೂ.
ಹಿರಿಯರು ಕೂತು ಲೆಕ್ಕ ಹಾಕಿದರು:
ಶಿಲುಬೆ ನಮ್ಮ ಕೊರಳಲ್ಲೂ ಇದ್ದರೆ
ಯಾವ ನೆಪ ಹೇಳಿ ಬಂದಾರು?
(ಬಂದರು. ಅದು ಬೇರೆ ಮಾತು.)

ಆಮೇಲೆ ಮರ.
ಗುಡುಗಿನೊಡೆಯ ಪೆರ್ಕೂನಾಸನ ಓಕ್ ಮರ,
ಆರು ಜನ ತಬ್ಬಿದರೂ ಕೈಗೆ ಕೈ ಎಟುಕದ ಬೊಡ್ಡೆ.
ನಮ್ಮವರು ಯಾರೂ ಕೊಡಲಿ ಮುಟ್ಟಲಿಲ್ಲ.
ಪೋಲೆಂಡಿನ ಬಡಗಿಯೊಬ್ಬ ಎತ್ತಿದ.
ನಾವು ಕಣ್ಣು ಮುಚ್ಚಿ ಸಿಡಿಲಿಗೆ ಕಾದೆವು.
ಬಿದ್ದದ್ದು ಚಕ್ಕೆ. ಆಮೇಲೆ ಅಳಿಲಿನ ಗೂಡು. ಆಮೇಲೆ ಮರ.
ಆಕಾಶ ನೀಲಿಯಾಗಿಯೇ ಇತ್ತು.
ಬಡಗಿ ಬೆವರೊರೆಸಿಕೊಂಡು ನೀರು ಕೇಳಿದ.
ನಾನೇ ಕೊಟ್ಟೆ.
ಆ ಸಂಜೆ ಎಲ್ಲರೂ ಮಾತಿಲ್ಲದೆ ಮನೆಗೆ ನಡೆದರು,
ಅಪ್ಪನ ಕೆನ್ನೆಗೆ ಯಾರೋ ಹೊಡೆದದ್ದನ್ನು,
ಅಪ್ಪ ಸುಮ್ಮನೆ ನಿಂತದ್ದನ್ನು
ಕಂಡ ಮಕ್ಕಳ ಹಾಗೆ.

ಇದಿಷ್ಟೇ ಸಾಕಿತ್ತೇನೋ ನಿನ್ನ ಪುಸ್ತಕಕ್ಕೆ.
ಆದರೂ ಇನ್ನೊಂದಿದೆ.
ನಿನಗಿಂತ ಮುಂಚೆ ಬಂದ ಪಾದ್ರಿಗೆ ನಮ್ಮ ನುಡಿ ಒಗ್ಗಿರಲಿಲ್ಲ.
ಮಗ ಎನ್ನುವುದಕ್ಕೂ ನಾಯಿ ಎನ್ನುವುದಕ್ಕೂ
ನಮ್ಮಲ್ಲಿ ಕೂದಲೆಳೆಯ ಅಂತರ.
"ದೇವರ ತಾಯಿ ಸತ್ತ ನಾಯಿಯನ್ನು ಮಡಿಲಲ್ಲಿಟ್ಟು ಅತ್ತಳು" ಎಂದುಬಿಟ್ಟ.
ದಂಡೆಗೆ ದಂಡೆಯೇ ನಕ್ಕಿತು.
ನಾನು ನಗಲಿಲ್ಲ. ನನಗೆ ಅರ್ಥವಾಗಿತ್ತು.
ರೈ ಕೊಯ್ಲಿನಲ್ಲಿ ನನ್ನ ಮೂರನೆಯದನ್ನು ಮಣ್ಣು ಮಾಡಿದ್ದೆ.
ಒಲೆಯ ಬೆಂಕಿ ಗಬಿಯಾ, ಬೆಳೆ ಕೊಡುವ ಜೆಮಿನಾ,
ಎಲ್ಲರಿಗೂ ಹೇಳಿಕೊಂಡು ನೋಡಿದ್ದೆ.
ಅವರಲ್ಲಿ ಯಾರಿಗೂ ಮಗ ಸತ್ತಿರಲಿಲ್ಲ.

ಅದಕ್ಕೇ ಇಳಿದೆ. ನೀರು ಕೊರೆಯುತ್ತಿತ್ತು.
ನಲವತ್ತು ಹೆಂಗಸರು ಒಟ್ಟಿಗೆ ಮುಳುಗಿದೆವು,
ಎದ್ದಾಗ ನಲವತ್ತೂ ಮಂದಿ ಕತರೀನ.
ಪಾದ್ರಿಗೆ ಪುರುಸೊತ್ತಿರಲಿಲ್ಲ, ಹಿಂದೆ ಇನ್ನೂ ಮುನ್ನೂರು ಜನ.

ಏನು ನೋಡುತ್ತೀ? ಒಲೆಯ ಹಿಂದಿನ ಬಟ್ಟಲೇ?
ಬೆಕ್ಕಿಗೆ ಇಟ್ಟ ಹಾಲು ಅಂತ ಬರೆ.
ಮನೆಯಲ್ಲಿ ಬೆಕ್ಕಿಲ್ಲ ಎಂಬುದನ್ನು ಬರೆಯಬೇಡ.

ಕೊನೆಯ ದಿನ ಮೇಲಿನಿಂದ ಹೆಸರು ಹಿಡಿದು ಕೂಗುತ್ತಾರಂತಲ್ಲ?
"ಕತರೀನ" ಎಂದೊಡನೆ
ಮೂವತ್ತೊಂಬತ್ತು ಮಂದಿ ಮಣ್ಣು ಕೊಡವಿಕೊಂಡು ಏಳುತ್ತಾರೆ.
ನಾನು ಒಂದು ಗಳಿಗೆ ಮಲಗಿಯೇ ಇರುತ್ತೇನೆ,
ಸ್ಕಿರ್ಮಂತೇ ಎಂದು ಕರೆಯುವವರು
ಎಲ್ಲಾದರೂ ಉಳಿದಿದ್ದಾರೇನೋ ಎಂದು.
ಇಲ್ಲದಿದ್ದರೆ ಬರುತ್ತೇನೆ ಬಿಡು.
ಅಂಗಿ ಇನ್ನೂ ಹರಿದಿಲ್ಲ.